ನೆಲದ ಮೇಲೆ ಬಂದ ಹಗೇವು

ಆ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದು ಒಂದೇ ಪದ. ಕನ್ನಡದಲ್ಲಿ ಹೇಳುವುದಾದರೆ ‘ಒಳಗು’. ಶಾಲೆಯ ಕೊನೆಯ ಎರಡು ವರ್ಷಗಳಲ್ಲಿ ಮೂರು ಆಯಾಮದ ಕಲೆ ಮತ್ತು ವಿನ್ಯಾಸ ಎಂಬ ವಿಷಯವನ್ನು ಆರಿಸಿಕೊಂಡವರಿಗೆ ಅಂತಿಮ ಪರೀಕ್ಷೆ ಹೀಗೆಯೇ ಬರುತ್ತದೆ. ಕೊಟ್ಟ ಪದವನ್ನು ಹಿಡಿದು ಕೆಲವು ವಾರ ಹುಡುಕಬೇಕು, ಬರೆದು ನೋಡಬೇಕು, ಸಣ್ಣ ಮಾದರಿಗಳನ್ನು ಕಟ್ಟಿ ಕೆಡವಬೇಕು. ಕೊನೆಗೆ ಸುತ್ತ ನಡೆದು ನೋಡಬಹುದಾದ, ಕೈಯಿಂದ ಮುಟ್ಟಬಹುದಾದ ಒಂದು ಕೃತಿಯನ್ನು ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ನಿಲ್ಲಿಸಬೇಕು.

ಹೊಸೂರಿನ ಅಂಚಿನಲ್ಲಿ, ಬಾಗಲೂರು ರಸ್ತೆಯ ನಮ್ಮ ಶಾಲೆಯಲ್ಲಿ ಈ ವಿಷಯವನ್ನು ಓದುತ್ತಿದ್ದವರು ಬೆರಳೆಣಿಕೆಯಷ್ಟು ಮಕ್ಕಳು. ಬಸ್ಸು ನಿಲ್ಲಿಸುತ್ತಿದ್ದ ಹಳೆಯ ಶೆಡ್ಡೇ ನಮ್ಮ ಕಾರ್ಯಾಗಾರ. ಡ್ರಾಯಿಂಗ್ ಪೀರಿಯಡ್ಡಿಗೆ ಉದ್ದದ ಹೆಸರಿಟ್ಟಿದ್ದಾರೆ ಎಂದು ಸಿಬ್ಬಂದಿ ಕೊಠಡಿಯಲ್ಲಿ ನಗುತ್ತಿದ್ದರು. ಕೈಯಿಂದ ಯೋಚಿಸುವುದನ್ನು ಕಲಿಸದ ವಿದ್ಯೆ ಅರ್ಧ ವಿದ್ಯೆ ಎಂದು ನಾನು ಸಿಕ್ಕಿದವರೊಡನೆಲ್ಲ ವಾದಿಸುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ವಾದದಲ್ಲಿ ಸೋತದ್ದು ಕಡಿಮೆ. ಯಾರನ್ನಾದರೂ ಒಪ್ಪಿಸಿದ್ದೂ ಅಷ್ಟೇ ಕಡಿಮೆ ಎಂಬುದು ಆಗಿನ್ನೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಪದವನ್ನು ಕಪ್ಪುಹಲಗೆಯ ಮೇಲೆ ಬರೆದ ದಿನ ಮಕ್ಕಳು ತಮಗೆ ತೋಚಿದ್ದನ್ನು ಹೇಳುತ್ತ ಹೋದರು. ಒಬ್ಬ ಹಳೆಯ ರೇಡಿಯೋದ ಒಳಭಾಗ ಎಂದ, ಒಬ್ಬಳು ದಾಳಿಂಬೆ ಎಂದಳು. ಡೆಂಕಣಿಕೋಟೆಯ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿ ಕೊನೆಯಲ್ಲಿ ಮಾತಾಡಿದಳು.

“ಮಿಸ್, ನಮ್ಮನೆ ಮುಂದೆ ಒಂದು ಅಗೇವು ಐತೆ. ಅದ್ನ ಮಾಡ್ಲಾ?”

“ಅಗೇವು ಅಂದ್ರೆ ರಾಗಿ ಗುಂಡಿ ತಾನೇ?” ಪಕ್ಕದಲ್ಲಿದ್ದವನು ಕೆಣಕಿದ. “ಸ್ಕೂಲ್ ಮುಂದೆ ತೋಡ್ಬುಡು. ಪರೀಕ್ಷೆ ಮಾಡಾಕೆ ಬಂದೋರು ಅದ್ರಾಗೇ ಬೀಳ್ಲಿ, ಎಲ್ರೂ ಪಾಸು.”

ನಗು ಅಡಗುವವರೆಗೂ ಅವಳು ಕಾದಳು. “ಗುಂಡಿ ತೋಡಲ್ಲ ಕಣ್ಲಾ. ಗುಂಡಿ ಒಳಗೆ ಖಾಲಿ ಐತಲ್ಲ, ಆ ಖಾಲೀನ ಮಾಡ್ತೀನಿ.”

ಆ ಮಾತು ಕೇಳಿ ನಾನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟೆ. ಕಾಣದ ಜಾಗಕ್ಕೆ ಆಕಾರ ಕೊಡುವುದು ಶಿಲ್ಪದ ಕಷ್ಟದ ಪಾಠಗಳಲ್ಲಿ ಒಂದು; ಅದನ್ನು ಹೇಗೆ ಕಲಿಸುವುದೆಂದು ನಾನಿನ್ನೂ ತಿಣುಕುತ್ತಿದ್ದೆ.

ಹಗೇವನ್ನು ನಾನು ಕಂಡವಳಲ್ಲ. ನಮ್ಮದು ಹೊಸೂರು ಪೇಟೆಯ ಮನೆ. ರಾಗಿ ನಮಗೆ ಹಿಟ್ಟಾಗಿಯೇ ಬರುತ್ತಿತ್ತು. ಅವಳು ವಿವರಿಸಿದಳು: ಗಟ್ಟಿ ನೆಲದಲ್ಲಿ ಒಬ್ಬರು ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಹೂಜಿಯ ಹೊಟ್ಟೆಯಂತೆ ಅಗಲವಾಗಿ ತೋಡಿದ ಕಣಜ. ಗೋಡೆಗೆ ಸಗಣಿ ಮಣ್ಣು ಬಳಿದು, ರಾಗಿಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಒಬ್ಬರು ಒಳಗಿಳಿದು ಮಂಕರಿಗೆ ತುಂಬಿಕೊಟ್ಟರೆ ಮೇಲಿನವರು ಹಗ್ಗ ಹಿಡಿದು ಎಳೆದುಕೊಳ್ಳುವರು.

ಅವಳ ಮನೆಯ ಹಗೇವು ಬರಿದಾಗಿ ಎಷ್ಟೋ ವರ್ಷವಾಗಿತ್ತು. ಮನೆಯ ಮುಂದಿನ ಆ ಜಾಗದಲ್ಲಿ ಹೊಸ ಮನೆಗೆ ಪಾಯ ತೆಗೆಯುವವರಿದ್ದರು. ಅದಕ್ಕೆ ಮೊದಲು ಹಗೇವನ್ನು ಮುಚ್ಚಬೇಕಾಗಿತ್ತು. ಸಮಯ ಕಡಿಮೆ ಇತ್ತು. ಅವಳ ಪಾಲಿಗೆ ಪಣವೂ ಸಣ್ಣದಾಗಿರಲಿಲ್ಲ. ವಿನ್ಯಾಸದ ಕಾಲೇಜಿಗೆ ಹೋಗಬೇಕೆಂಬುದು ಅವಳ ಆಸೆ. ಮನೆಯ ಯಜಮಾನರಾದ ದೊಡ್ಡಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ್ದರು: ಈ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಸರಿ, ಇಲ್ಲವಾದರೆ ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್.

ಮೊದಲ ಸಲ ನಾನು ಹೋದ ದಿನ ದೊಡ್ಡಪ್ಪ ಚಪ್ಪಡಿಯನ್ನು ಹಿಂದಿನ ದಿನವೇ ಸರಿಸಿಟ್ಟಿದ್ದರು. ಒಳಗಿನ ಕೆಟ್ಟ ಗಾಳಿ ಹೋಗಬೇಕು. ಬಾಯಿಯ ಪಕ್ಕದಲ್ಲಿ ಒಂದು ಟೇಬಲ್ ಫ್ಯಾನೂ ತಿರುಗುತ್ತಿತ್ತು.

“ಇಡೀ ತಾಲ್ಲೂಕ್ನಾಗೆ ಇಂಥ ಅಗೇವು ಇಲ್ಲ ಮೇಡಂ,” ಎಂದರು. “ನಲ್ವತ್ತು ಪಲ್ಲ. ಈ ಕಡೆ ನಮ್ಮ ಹೆಸ್ರು ಯಾರೂ ಹೇಳಲ್ಲ, ನಲ್ವತ್ತು ಪಲ್ಲದೋರ ಮನೆ ಅಂತಾರೆ. ನಮ್ಮವ್ವನ್ನ ಇಲ್ಲಿಗೆ ಕೊಟ್ಟಿದ್ದೇ ಇದ್ನ ನೋಡಿ.”

ಪಲ್ಲವೆಂದರೆ ನೂರು ಸೇರು, ಹೆಚ್ಚುಕಡಿಮೆ ಒಂದು ಮೂಟೆ. ಜಗುಲಿಯ ಮೇಲೆ ಕಾಲು ನೀಡಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದರು: “ಊಂ ಕಣಮ್ಮ. ನನ್ನ ಅಗೇವಿಗೆ ಕೊಟ್ರು. ಅದ್ರ ಜತೀಗೆ ಇವ್ರಪ್ಪನೂ ಬಂದ.”

ಕಾಳು ತೆಗೆಯಲು ಇಳಿಯುತ್ತಿದ್ದವರು ಅಜ್ಜಿಯೇ ಎಂದು ತಿಳಿಯಿತು. ತಳ ಕಾಣಬಾರದೆಂಬುದು ಆ ಮನೆಯ ಕಟ್ಟಳೆ. ಹಳೆಯ ರಾಗಿ ಒಂದು ಮೊಳವಾದರೂ ಉಳಿದಿರುವಾಗಲೇ ಅದರ ಮೇಲೆ ಹೊಸದನ್ನು ಸುರಿಯಬೇಕು. ಕೊನೆಗೆ ಬರಿದು ಮಾಡಿಸಿದಾಗ ಕೂಲಿಯವರು ಇಳಿದಿದ್ದರು. ಅಜ್ಜಿ ಆಗ ಮಗಳ ಬಾಣಂತನಕ್ಕೆಂದು ಜವಳಗಿರಿಯಲ್ಲಿದ್ದರು.

ವಿದ್ಯಾರ್ಥಿನಿಯನ್ನು ಒಳಗಿಳಿಸುವಂತಿಲ್ಲ ಎಂದು ಶಾಲೆಯಿಂದ ಕಟ್ಟಪ್ಪಣೆಯಾಗಿತ್ತು. ಆದ್ದರಿಂದ ಮೇಲಿನಿಂದಲೇ ಅಳೆಯುವ ಒಂದು ಉಪಕರಣವನ್ನು ನಾವು ಮಾಡಿಕೊಂಡಿದ್ದೆವು. ಉದ್ದನೆಯ ಬಿದಿರುಗಳುವಿನ ತುದಿಗೆ ಕೊಡೆಯ ಕಡ್ಡಿಯಂತೆ ಬಿಚ್ಚಿಕೊಳ್ಳುವ ಒಂದು ತೋಳು. ಮೇಲಿನಿಂದ ದಾರ ಎಳೆದರೆ ತೋಳು ಅಡ್ಡಲಾಗಿ ಚಾಚಿ ಗೋಡೆಯನ್ನು ಮುಟ್ಟುತ್ತದೆ. ಎಳೆದ ದಾರದ ಉದ್ದದಿಂದ ಅಗಲವನ್ನು ಲೆಕ್ಕ ಹಾಕಬಹುದು. ಗೇಣಿಗೊಂದು ಹಂತದಂತೆ ಬಾಯಿಯಿಂದ ತಳದವರೆಗೆ ಒಂದು ಬದಿಯನ್ನು ಅಳೆದೆವು. ಶಾಲೆಯ ಕಂಪ್ಯೂಟರಿನಲ್ಲಿ ಆ ಬದಿಯ ಗೆರೆಯನ್ನು ಎಳೆದು, ನಡುವಿನ ಅಕ್ಷದ ಸುತ್ತ ತಿರುಗಿಸಿದೆವು. ಕುಂಬಾರನ ಚಕ್ರದ ಮೇಲಿಂದ ಇಳಿದಂಥ ತುಂಬು ಆಕಾರವೊಂದು ಪರದೆಯ ಮೇಲೆ ಮೂಡಿತು. ಅದನ್ನೇ ರಟ್ಟಿನ ಬಿಲ್ಲೆಗಳನ್ನಾಗಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೊಳದೆತ್ತರದ ಮಾದರಿ ಮಾಡಿದಳು. ಅಂತಿಮ ಕೃತಿಯನ್ನು ನಿಜ ಗಾತ್ರದಲ್ಲಿ, ಹೊರಮೈಗೆ ಬಿಳಿಯ ಪ್ಲಾಸ್ಟರ್ ಕೊಟ್ಟು, ಸಭಾಂಗಣದ ನಡುವೆ ಗಟ್ಟಿ ಮುದ್ದೆಯಾಗಿ ನಿಲ್ಲಿಸುವುದೆಂದು ನಿಶ್ಚಯಿಸಿದೆವು. ನೆಲದೊಳಗಿನ ಶೂನ್ಯ ನೆಲದ ಮೇಲೆ ಘನವಾಗಿ ನಿಲ್ಲುತ್ತದೆ. ನನಗೆ ತುಂಬ ಹಿಡಿಸಿತ್ತು.

ಎರಡು ದಿನ ಕಳೆದು ಅವಳು ಫೋನು ಹಿಡಿದುಕೊಂಡು ಬಂದಳು. ದೀಪ ಇಳಿಬಿಟ್ಟಾಗ ತೆಗೆದ ವಿಡಿಯೋ ಅದರಲ್ಲಿತ್ತು.

“ಮಿಸ್, ಇಲ್ಲಿ ನೋಡಿ. ಈ ಕಡೆ ಬೆಳಕು ದೂರ ಹೋಗ್ತೈತೆ. ಆ ಕಡೆ ಬೇಗ ವಾಪಸ್ ಬಂದ್ಬುಡ್ತೈತೆ.”

ನೋಡಿದೆ. ನಿಜವಾಗಿತ್ತು. ಒಂದು ಬದಿಯ ಗೋಡೆ ಏನೋ ಕಾರಣಕ್ಕೆ ಒಳಕ್ಕೆ ನುಗ್ಗಿತ್ತು. ನಾವು ಒಂದೇ ಬದಿಯನ್ನು ಅಳೆದು ಉಳಿದದ್ದನ್ನು ಅದರಂತೆಯೇ ಇರಬೇಕೆಂದು ಊಹಿಸಿಕೊಂಡಿದ್ದೆವು. ಚಕ್ರದ ಮೇಲೆ ಮಡಕೆ ತಿರುಗಿಸುವುದನ್ನೂ ಕಂಪ್ಯೂಟರಿನಲ್ಲಿ ಗೆರೆ ತಿರುಗಿಸುವುದನ್ನೂ ಕಲಿಸಿದವಳು ನಾನೇ. ಕುಳಿತು, ಮೈ ಹೊರಳಿಸಿ, ಹಾರೆಯಿಂದ ತೋಡಿದ ಮನುಷ್ಯ ಹಾಗೆ ತಿರುಗುವುದಿಲ್ಲವೆಂಬುದು ನನಗೇ ಹೊಳೆದಿರಲಿಲ್ಲ. ಸಮಯವಿಲ್ಲ, ಅಷ್ಟು ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ ಎಂದು ಹೇಳಿ ನೋಡಿದೆ.

“ನನಗೆ ಕಾಣ್ತಾ ಐತಲ್ಲ ಮಿಸ್,” ಎಂದಳು.



ತೋಳು ಯಾವ ದಿಕ್ಕಿಗೆ ಚಾಚಿದೆಯೆಂದು ಮೇಲಿನಿಂದ ತಿಳಿಯುತ್ತಿರಲಿಲ್ಲ; ಮರುಅಳತೆಗೆ ಒಳಗಿಳಿಯಲೇಬೇಕಾಗಿತ್ತು, ನಾನು ಇಳಿಯುವುದೆಂದಾಯಿತು. ಶನಿವಾರ ಬೆಳಿಗ್ಗೆ ಫ್ಯಾನು ಹಾಕಿ, ಹಗ್ಗಕ್ಕೆ ಕಟ್ಟಿದ ದೀಪವನ್ನು ತಳದವರೆಗೆ ಇಳಿಬಿಟ್ಟು ಬಹಳ ಹೊತ್ತು ನೋಡಿದೆವು; ಅದು ಆರದೆ ಉರಿಯಿತು. ಬಿದಿರೇಣಿ ಇಳಿಸಿದರು. ಬಾಯಿಯ ಸುತ್ತ ಎಂಟು ದಿಕ್ಕುಗಳಿಗೂ ಸುಣ್ಣದ ಗುರುತು ಹಾಕಿದೆವು. ನಡುವೆ ಗಳುವೊಂದನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದೆವು. ಒಳಗೆ ನಿಂತು ನಾನು ಆ ಗಳುವಿನಿಂದ ಪ್ರತಿ ದಿಕ್ಕಿನ ಗೋಡೆಗೂ ಟೇಪು ಹಿಡಿದು ಅಳತೆ ಕೂಗಬೇಕು. ಮೇಲೆ ಮಂಡಿಯೂರಿದ ಅವಳು ಬರೆದುಕೊಳ್ಳಬೇಕು.

ಏಣಿಯಿಳಿದು ಕಣ್ಣು ಹೊಂದಿಕೊಂಡ ಮೇಲೆ ಕಾರಣ ಕಂಡಿತು. ಬೂದುಗಪ್ಪು ಬಂಡೆಯೊಂದು ಒಂದು ಬದಿಯಿಂದ ಭುಜದಂತೆ ಒಳಕ್ಕೆ ಚಾಚಿತ್ತು. ಅದರ ಮೈಮೇಲೆ ಹಾರೆಯ ಗುರುತುಗಳು. ತೋಡಿದವನು ಕೆಲಕಾಲ ಹೋರಾಡಿ, ಬಂಡೆಗೆ ಜಾಗ ಬಿಟ್ಟುಕೊಟ್ಟು, ಪಕ್ಕಕ್ಕೆ ಸರಿದು ಮುಂದುವರಿಸಿದ್ದ. ನನ್ನ ಉಸಿರಿನ ಸದ್ದು ನನಗೇ ಕೇಳುತ್ತಿತ್ತು. ಗೋಡೆಯ ಮಣ್ಣಿನಲ್ಲಿ ಅಲ್ಲಲ್ಲಿ ಒಂದೊಂದು ರಾಗಿಕಾಳು ಸಿಕ್ಕಿಕೊಂಡಿತ್ತು. ತಲೆಯ ಮೇಲೆ ಬಾಯಿಯಷ್ಟೇ ಬೆಳಕು, ಅದರ ಅಂಚಿನಲ್ಲಿ ಅವಳ ಮುಖ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಅರ್ಧ ಮುಗಿಯಿತು. ಊಟಕ್ಕೆ ಕುಳಿತಾಗ ಅವಳು ಜಗುಲಿಯ ಮೇಲೆ ಅಳತೆಗಳನ್ನು ಹರಡಿಕೊಂಡು, ಕೆಳಗಿನ ಅರ್ಧಕ್ಕೆ ಅಂದಾಜು ಹಾಕಿ, ಲೆಕ್ಕ ಮಾಡಿ, ಸಂತೋಷದಿಂದಲೇ ಕೂಗಿದಳು:

“ದೊಡ್ಡಪ್ಪಾ, ಇದು ನಲ್ವತ್ತು ಪಲ್ಲ ಹಿಡಿಯಾದೇ ಇಲ್ಲ! ಇಪ್ಪತ್ತು ಹಿಡಿದ್ರೆ ಹೆಚ್ಚು!”

ಮುದ್ದೆ ಮುರಿಯುತ್ತಿದ್ದ ದೊಡ್ಡಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಆ ಹುಡುಗಿಗೆ ಅದೊಂದು ಘನಫಲದ ಲೆಕ್ಕ. ಅವರಿಗೆ ಅದು ಮನೆಯ ಹೆಸರು. ಅಜ್ಜಿ ಮಜ್ಜಿಗೆ ಕುಡಿಯುತ್ತಿದ್ದರು.

ಕೈ ತೊಳೆದು ಬಂದು ಅವರು ನನ್ನೆದುರು ಕುಳಿತರು. “ಮೇಡಂ, ಆ ಕಲ್ಲು ಬುಟ್ಬುಡಿ. ಸುತ್ತ ಒಂದೊಂದು ಮೊಳ ಜಾಸ್ತಿ ಕೊಡಿ. ಯಾರ್ ಬಂದು ಟೇಪ್ ಹಿಡೀತಾರೆ?”

ನಾನು ವಾದಕ್ಕಿಳಿದೆ. ಕೃತಿಯ ಬೆಲೆ ಅದರ ನಿಷ್ಠೆಯಲ್ಲಿದೆ ಎಂದೆ. ಹಿರಿಯರು ಹೇಳಿಕೊಂಡು ಬಂದ ಮಾತಿಗೆ ಈ ಹುಡುಗಿ ಹೊಣೆಯಲ್ಲ ಎಂದೆ. ಮನೆತನದ ಗೌರವ ಗುಂಡಿಯ ಅಗಲದಲ್ಲಿದೆ ಎನ್ನುವುದಾದರೆ ಆ ಗೌರವವನ್ನೇ ಮರುಪರಿಶೀಲಿಸಬೇಕಾಗುತ್ತದೆ ಎಂದೆ. ಅವರು ಎತ್ತಿದ ಪ್ರತಿ ಆಕ್ಷೇಪಕ್ಕೂ ನನ್ನಲ್ಲಿ ಉತ್ತರ ಸಿದ್ಧವಿತ್ತು. 

“ನೀವು ಕೋರ್ಟ್ನಾಗೆ ಇರ್ಬೇಕಿತ್ತು ಮೇಡಂ, ಮಕ್ಕಳ ಜತೆ ಮಣ್ಣು ಕಲಸ್ತಾ ಕುಂತಿದ್ದೀರ,” ಎಂದು ಎದ್ದರು. “ಸರಿ, ಗೆದ್ದೋರು ನೀವೇ. ಅಗೇವು ನಂದು. ನಾಳೆ ಬೆಳಿಗ್ಗೆ ಜೆಸಿಬಿ ಬತ್ತದೆ, ಮುಚ್ಚಾಕ್ತೀನಿ.”

ಕೆಳಗಿನ ಅರ್ಧ ಅಳೆದಾಗಿರಲಿಲ್ಲ. ಗೋಡೆಯ ಮೈಯ ಅಚ್ಚು ತೆಗೆದಾಗಿರಲಿಲ್ಲ. ಹಗೇವು ಮುಚ್ಚಿದರೆ ವಾರಗಳ ಕೆಲಸ ಒಂದು ಊಹೆಯಾಗಿ ಉಳಿಯುತ್ತದೆ. ಹೊಸ ವಿಷಯ ಹಿಡಿಯಲು ದಿನಗಳಿರಲಿಲ್ಲ. ನನ್ನ ಗೆಲುವಿನ ಬೆಲೆಯನ್ನು ತೆರಬೇಕಾದವಳು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಇನ್ನೊಂದು ವಾಕ್ಯ ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಅವಳು ವಾದಿಸಲಿಲ್ಲ, ಅಳಲೂ ಇಲ್ಲ. “ದೊಡ್ಡಪ್ಪಾ, ನೀನು ಯಾವತ್ತಾದ್ರೂ ಒಳಗೆ ಇಳಿದಿದ್ದೀಯಾ?” ಎಂದು ಕೇಳಿದಳು.

“ನಾನ್ಯಾಕೆ ಇಳೀಲಿ? ನಾನು ಮೇಲೆ ನಿಂತು ಹಗ್ಗ ಎಳೀತಿದ್ದೆ. ಇಳೀತಿದ್ದೋಳು ಅವ್ವ.”

“ಮುಚ್ಚಾಕೋಕೆ ಮುಂಚೆ ಒಂದ್ಸಲ ನೋಡ್ಬುಡು. ಆಮೇಲೆ ಯಾರ್ಗೂ ನೋಡಾಕಾಗಲ್ಲ.”

ಅವರು ಅಂಗಳದ ಕಡೆ ನೋಡಿದರು. ಅಜ್ಜಿ ಲೋಟ ಕೆಳಗಿಟ್ಟರು. “ಇಳಿಯಲಾ. ಹೊಟ್ಟೆ ಬಾಯಲ್ಲಿ ಸಿಕ್ಕಾಕಂಡ್ರೆ ಎಣ್ಣೆ ಬಳಿದು ಎಳ್ಕಂತೀವಿ.”

ದೀಪವನ್ನು ಮತ್ತೆ ಇಳಿಬಿಟ್ಟು ನೋಡಿದೆವು. ಅವರು ಅಂಗಿ ಕಳಚಿ ಬನಿಯನ್ನಿನಲ್ಲೇ ಇಳಿದರು. ಬಾಯಲ್ಲಿ ಒಂದಿಷ್ಟು ತಿಣುಕಾಡಿದ್ದು ನಿಜ. ಆಮೇಲೆ ಒಳಗಿನಿಂದ ಸದ್ದೇ ಇಲ್ಲ. ನಾನು ಗಾಬರಿಯಾಗಿ ಬಗ್ಗಿ ನೋಡಿದೆ. ಅವರು ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಬಂಡೆಯ ಮೇಲೊಂದು ಕೈಯಿಟ್ಟು, ಮೇಲಕ್ಕೆ ನೋಡುತ್ತಿದ್ದರು.

ಹತ್ತಿ ಬಂದಾಗ ಹೆಗಲ ತುಂಬ ಕೆಂಪು ಮಣ್ಣು. ಟವೆಲಿನಿಂದ ಒರೆಸಿಕೊಳ್ಳುತ್ತ ಯಾರ ಕಡೆಗೂ ನೋಡದೆ ಹೇಳಿದರು: “ದೊಡ್ಡದೇ ಐತೆ.”

ಟವೆಲನ್ನು ಹೆಗಲಿಗೆ ಹಾಕಿಕೊಂಡು ನನಗೆ ಹೇಳಿದರು: “ಅಳ್ಕಳ್ಳಿ ಮೇಡಂ. ಜೆಸಿಬಿಯೋನ್ಗೆ ಬುಧವಾರ ಬಾ ಅಂತೀನಿ. ಆದ್ರೆ ಇಷ್ಟು ಪಲ್ಲ ಅಂತ ಬೋರ್ಡ್ ಮೇಲೆ ಬರೀಬ್ಯಾಡಿ.”

ಈ ಸಲ ನಾನು ವಾದಿಸಲಿಲ್ಲ. ಅಳತೆಗಳು ಪರೀಕ್ಷಕರು ನೋಡುವ ಕಡತದಲ್ಲಿ ಇದ್ದೇ ಇರುತ್ತವೆ, ಕೃತಿ ತನ್ನ ನಿಜ ಗಾತ್ರದಲ್ಲೇ ನಿಂತಿರುತ್ತದೆ. ಫಲಕದಲ್ಲಿ ಸಂಖ್ಯೆ ಇಲ್ಲದಿದ್ದರೆ ಸುಳ್ಳಾಡಿದಂತಾಗುವುದಿಲ್ಲ ಎಂದು ಒಪ್ಪಿಕೊಂಡೆ. ಕೆಳಗಿನ ಅರ್ಧವನ್ನು ಆ ಸಂಜೆಯೊಳಗೆ ಅಳೆದೆವು. ಗೋಡೆಗೂ ಬಂಡೆಗೂ ಜೇಡಿಮಣ್ಣಿನ ಹಲಗೆಗಳನ್ನು ಒತ್ತಿ ಹಾರೆಯ ಗುರುತುಗಳ ಅಚ್ಚನ್ನೂ ತೆಗೆದುಕೊಂಡೆವು.

ನನ್ನನ್ನು ಬಸ್ಸು ಹತ್ತಿಸಲು ನಿಲ್ದಾಣದವರೆಗೆ ಬಂದವಳು ಅಲ್ಲಿ ಹೇಳಿದಳು: “ಮಿಸ್, ನಾವು ಮಾಡ್ತಾ ಇರೋದು ತಪ್ಪು. ಹೊರಗಡೆಯಿಂದ ನೋಡೋ ಹಂಗೆ ಮಾಡ್ತಾ ಇದ್ದೀವಿ. ಅಗೇವಿಗೆ ಹೊರಗಡೆ ಅನ್ನೋದೇ ಇಲ್ಲ.”

“ಅಂದರೆ?” ಎಂದೆ.

“ದೊಡ್ಡಪ್ಪ ಲೆಕ್ಕ ಕೇಳಿ ಒಪ್ಲಿಲ್ಲ. ಒಳಗೆ ಕುಂತು ಬಂದು ಒಪ್ಕಂಡ. ನೋಡೋರೂ ಒಳಗೆ ಹೋಗ್ಬೇಕು ಮಿಸ್.”

ಬಸ್ಸಿನುದ್ದಕ್ಕೂ ಯೋಚಿಸಿದೆ. ಬಿಳಿಯ ಘನ ಮುದ್ದೆಯ ಕಲ್ಪನೆ ನನಗೆ ಪ್ರಿಯವಾಗಿತ್ತು, ನಿಜ ಹೇಳಬೇಕೆಂದರೆ ಅದು ಹೆಚ್ಚಾಗಿ ನನ್ನದೇ ಕಲ್ಪನೆಯಾಗಿತ್ತು. ಅದಕ್ಕಾಗಿ ಬರೆದ ಚಿತ್ರಗಳು, ತಂದ ಪ್ಲಾಸ್ಟರ್ ಎಲ್ಲವನ್ನೂ ಬದಿಗಿಟ್ಟು ಪರೀಕ್ಷೆಗೆ ಇಷ್ಟು ಹತ್ತಿರದಲ್ಲಿ ದಾರಿ ಬದಲಿಸುವುದು ಅಪಾಯದ ಕೆಲಸ. ಆದರೂ ಸೋಮವಾರ ಬೆಳಿಗ್ಗೆ ಪ್ಲಾಸ್ಟರ್ ಚೀಲಗಳನ್ನು ಮೂಲೆಗೆ ಸರಿಸಿದೆವು. ಕೃತಿ ಟೊಳ್ಳಾಗಿರುತ್ತದೆ, ಒಳಕ್ಕೆ ಹೋಗಲು ಬುಡದಲ್ಲೊಂದು ಕಿರಿದಾದ ಸಂದು ಇರುತ್ತದೆ, ಹೊರಮೈಗೆ ಯಾವ ಅಲಂಕಾರವೂ ಇರುವುದಿಲ್ಲ; ಬಿದಿರು, ತಂತಿಯ ಗಂಟು, ಗೋಣಿ ಎಲ್ಲವೂ ಇದ್ದಂತೆಯೇ ಕಾಣಲಿ ಎಂದಳು.

ಅದಕ್ಕೆ ಜಾಗ ಹುಡುಕಿದವಳೂ ಅವಳೇ. ಆಟದ ಮೈದಾನದ ಕಡೆಗೆ ಇಳಿಯುವ ಕಲ್ಲುಮೆಟ್ಟಿಲುಗಳ ಪಕ್ಕದಲ್ಲಿ ಕಟ್ಟಿದರೆ, ಮೇಲಿನ ಮೆಟ್ಟಿಲಲ್ಲಿ ನಿಂತವರಿಗೆ ಹಗೇವಿನ ಬಾಯಿ ಕಾಲ ಬಳಿ ಸಿಗುತ್ತದೆ. ಕೆಳಗಿನಿಂದ ಬಂದವರು ಸಂದಿನ ಮೂಲಕ ಒಳಹೊಗುತ್ತಾರೆ. ಎರಡೂ ದೃಷ್ಟಿ ಒಟ್ಟಿಗೇ ದೊರೆಯುತ್ತವೆ.

ಶೆಡ್ಡಿನ ನೆಲದ ಮೇಲೆ ಪ್ರತಿ ಹಂತದ ಎಂಟು ಅಳತೆಗಳನ್ನು ಸೀಮೆಸುಣ್ಣದಿಂದ ಗುರುತಿಸಿ, ಚುಕ್ಕೆಗಳನ್ನು ಸೇರಿಸಿ, ಆ ಗೆರೆಯ ಮೇಲೆಯೇ ಹಸಿ ಬಿದಿರಿನ ಸೀಳನ್ನು ಬಾಗಿಸಿ ಬಳೆ ಕಟ್ಟಿದೆವು. ಒಂದು ಬಳೆಯೂ ದುಂಡಗಿರಲಿಲ್ಲ; ಬಂಡೆಯಿದ್ದ ಬದಿಯಲ್ಲಿ ಪ್ರತಿಯೊಂದೂ ಒಳಕ್ಕೆ ಸೊಟ್ಟಗಾಗಿತ್ತು. ಬಳೆಗಳನ್ನು ನಿಲುಗಂಬಗಳಿಗೆ ಬಿಗಿದು, ಗೋಣಿ ಹೊದಿಸಿ, ಒಳಮೈಗೆ ಮಣ್ಣು ಮೆತ್ತತೊಡಗಿದೆವು. ಮಣ್ಣು ಅವಳ ಮನೆಯ ಪಾಯದಿಂದಲೇ ಬಂತು. ಅದನ್ನು ಟೆಂಪೋದಲ್ಲಿ ಹಾಕಿ ಕಳಿಸಿದವರು ದೊಡ್ಡಪ್ಪ. ಸಗಣಿ ಕಲಸುವುದಕ್ಕೆ ಆಡಳಿತದವರು ಮೂಗು ಮುಚ್ಚಿಕೊಂಡೇ ಅನುಮತಿ ಕೊಟ್ಟರು.

ಮೊದಲ ಲೇಪ ದಪ್ಪವಾಗಿತ್ತು. ಬಿಸಿಲಿಗೆ ಒಣಗಿ, ಕೆರೆಯ ತಳದಂತೆ ಬಿರುಕು ಬಿಟ್ಟು, ಮೆತ್ತಿದ ಎರಡೇ ದಿನಕ್ಕೆ ಹಕ್ಕಳೆಯಾಗಿ ಉದುರಿತು. ಹುಡುಗಿಯ ಕಣ್ಣಲ್ಲಿ ಆ ಒಂದು ದಿನ ಮಾತ್ರ ನೀರು ಕಂಡೆ. ಮಿಶ್ರಣಗಳನ್ನು ಸಣ್ಣ ಹಲಗೆಗಳ ಮೇಲೆ ಪರೀಕ್ಷಿಸಿದೆವು. ಮರಳು ಹೆಚ್ಚಿಸಿ, ರಾಗಿಹುಲ್ಲನ್ನು ಬೆರಳುದ್ದಕ್ಕೆ ಕತ್ತರಿಸಿ ಸೇರಿಸಿ, ಬೆರಳ ತುದಿಯಷ್ಟು ತೆಳ್ಳಗೆ ಮೆತ್ತಿ, ಹಸಿ ಗೋಣಿಯಿಂದ ಮುಚ್ಚಿ ನಿಧಾನವಾಗಿ ಒಣಗಿಸಿದ ಹಲಗೆಯೊಂದು ಬಿರುಕಿಲ್ಲದೆ ಉಳಿಯಿತು. ಅದನ್ನೇ ಅನುಸರಿಸಿ ಲೇಪದ ಮೇಲೆ ಲೇಪ ಕೊಟ್ಟೆವು. ರೇಡಿಯೋದವನೂ ದಾಳಿಂಬೆಯವಳೂ ತಮ್ಮ ಕೆಲಸ ಮುಗಿಸಿ ಹುಲ್ಲು ಕತ್ತರಿಸಲು ಕುಳಿತರು. ಬಂಡೆಗೆ ಅವಳು ಕಾಗದದ ತಿರುಳನ್ನು, ಗ್ರಾನೈಟ್ ಪಾಲಿಷ್ ಮಾಡುವ ಕಡೆ ರಾಶಿ ಬಿದ್ದಿರುವ ಕಲ್ಲುಪುಡಿಯೊಡನೆ ಕಲಸಿದಳು. ಒಣಗಿದಾಗ ಅದರ ಬೂದುಗಪ್ಪು ಬಣ್ಣ ನಾನು ಒಳಗೆ ಕಂಡದ್ದೇ ಆಗಿತ್ತು. ಅದರ ಮೇಲೆ, ತೆಗೆದುಕೊಂಡ ಅಚ್ಚುಗಳಿಂದ, ಹಾರೆಯ ಗುರುತುಗಳನ್ನು ಒತ್ತಿದಳು.

ಮುಗಿದ ದಿನ ಅವಳೇ ಮೊದಲು ಒಳಗೆ ಹೋದಳು. ನಿಜವಾದ ಹಗೇವಿಗೆ ಅವಳು ಇಳಿದೇ ಇರಲಿಲ್ಲ. ಅದನ್ನು ಆಗಲೇ ಮುಚ್ಚಿಯಾಗಿತ್ತು. ತಾನು ಎಂದೂ ಕಾಲಿಡದ ಜಾಗವನ್ನು ಅವಳು ಕಟ್ಟಿದ್ದಳು. ಹೊರಗೆ ಬಂದು, “ಮಿಸ್, ಸರಿಯಾಗೈತಾ, ನೀವು ಹೇಳಿ,” ಎಂದಳು. ನಾನು ಒಳಗೆ ಹೋಗಿ ಕುಳಿತೆ. ನನ್ನ ಉಸಿರಿನ ಸದ್ದು ನನಗೆ ಕೇಳಿಸಿತು. ಸರಿಯಾಗಿದೆ ಎಂದೆ.

ಪರೀಕ್ಷಕಿ ಚೆನ್ನೈನಿಂದ ಬಂದಿದ್ದರು. ಫಲಕವನ್ನು ಎರಡು ಸಲ ಓದಿ, ಅಳತೆಯನ್ನೇಕೆ ಬರೆದಿಲ್ಲ ಎಂದು ತಮಿಳಿನಲ್ಲಿ ಕೇಳಿದರು. “ಉಳ್ಳೆ ಪೋನಾ ತೆರಿಯುಂ, ಮೇಡಂ,” ಎಂದಳು ಇವಳು. ಒಳಗೆ ಹೋದರೆ ತಿಳಿಯುತ್ತದೆ. ಅವರು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಒಳಹೊಕ್ಕರು. ಹೊರಬಂದಾಗ ಕೂದಲಲ್ಲಿ ಒಂದು ಹುಲ್ಲೆಸಳಿತ್ತು. ಮುಂದೆ ಪ್ರಶ್ನೆಗಳನ್ನು ಕೇಳದೆ ಕಡತವನ್ನು ತೆರೆದು, ಕೈಬಿಟ್ಟ ಬಿಳಿಯ ಮುದ್ದೆಯ ಪುಟಗಳಿಂದ ಹಿಡಿದು ಕೊನೆಯವರೆಗೆ ನಿಧಾನವಾಗಿ ನೋಡಿದರು. ಅಂಕಗಳು ಬಂದದ್ದು ಬಹಳ ದಿನಗಳ ಮೇಲೆ. ಅವಳೀಗ ವಿನ್ಯಾಸದ ಕಾಲೇಜಿನಲ್ಲಿದ್ದಾಳೆ. ಕಾಮರ್ಸಿನ ಮಾತನ್ನು ಯಾರೂ ಎತ್ತಲಿಲ್ಲ.

ಆದರೆ ನನ್ನ ಮಟ್ಟಿಗೆ ಪರೀಕ್ಷೆ ನಡೆದದ್ದು ಪರೀಕ್ಷಕಿ ಬಂದುಹೋದ ಮರುದಿನ, ಭಾನುವಾರ, ಹೆತ್ತವರಿಗಾಗಿ ಪ್ರದರ್ಶನವನ್ನು ತೆರೆದಾಗ. ಅವಳ ಊರಿನಿಂದ ಒಂದು ವ್ಯಾನು ತುಂಬ ಜನ ಬಂದಿದ್ದರು. ಮಕ್ಕಳು ಸಂದಿನಲ್ಲಿ ನುಗ್ಗಿ ಒಳಗಿನಿಂದ ಕೂಗಿ ನೋಡಿದರು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ, “ಅಬ್ಬಾ, ಏಟು ದೊಡ್ಡದಮ್ಮಾ!” ಎನ್ನುತ್ತ ಬಂದರು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಮೇಲಿನ ಮೆಟ್ಟಿಲ ಮೇಲೆ, ಹಗೇವಿನ ಬಾಯಿಯ ಪಕ್ಕದಲ್ಲೇ ನಿಂತಿದ್ದರು.

ಅಜ್ಜಿ ತಾನೂ ಹೋಗುತ್ತೇನೆಂದರು. ಬೇಡವೆಂದರೂ ಕೇಳಲಿಲ್ಲ. ಊರುಗೋಲು ಹಿಡಿದು, ಮೊಮ್ಮಗಳ ತೋಳಿಗೆ ಒರಗಿ, ಬಗ್ಗಿ ಒಳಹೊಕ್ಕರು. ಮೊಮ್ಮಗಳು ಸಂದಿನ ಬಳಿಯೇ ನಿಂತಳು.

ಅದೇ ಹೊತ್ತಿಗೆ ಅವರ ನೆರೆಮನೆಯ ಹಿರಿಯರೊಬ್ಬರು ಮೆಟ್ಟಿಲ ಮೇಲಿನಿಂದ ಬಾಯಿಯೊಳಗೆ ಇಣುಕಿ, ಆಮೇಲೆ ಕೆಳಗಿಳಿದು ಹೊರಮೈಯ ಸುತ್ತ ಹೆಜ್ಜೆಯಿಡುತ್ತ ಒಂದು ಸುತ್ತು ಬಂದರು. ಮತ್ತೆ ಮೇಲೆ ಹತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ಏನಯ್ಯಾ ಯಜಮಾನ, ಇದೇನಾ ನಿಮ್ಮ ನಲ್ವತ್ತು ಪಲ್ಲ? ನಮ್ಮನೆ ನೀರಿನ ತೊಟ್ಟಿ ಇದಕ್ಕಿಂತ ಅಗ್ಲ ಐತೆ!”

ದೊಡ್ಡಪ್ಪನ ಕಿವಿ ಕೆಂಪಾದದ್ದು ನಾನಿದ್ದಲ್ಲಿಗೂ ಕಂಡಿತು. ನನ್ನ ಬಳಿ ಉತ್ತರಗಳಿದ್ದವು, ಒಂದಲ್ಲ ನಾಲ್ಕು. ನಾನು ತುಟಿ ಬಿಗಿಹಿಡಿದು ನಿಂತೆ.

ಉತ್ತರ ಬಂದದ್ದು ಹಗೇವಿನ ಒಳಗಿನಿಂದ. ಮಣ್ಣಿನ ಹೊಟ್ಟೆಯಲ್ಲಿ ಅಜ್ಜಿಯ ದನಿ ತುಂಬಿಕೊಂಡು ಬಾಯಿಂದ ಮೇಲೆದ್ದಿತು:

“ಯಾರ್ಲಾ ಅದು ಅಳತೆ ಕೇಳಾದು? ನಲ್ವತ್ತು ಅಂತಿದ್ದೋನು ನಮ್ಮಾವ. ಬಾಯಿ ಅಗ್ಲ ಇದ್ದಿದ್ದು ಅವನ್ದು, ಅಗೇವಿಂದಲ್ಲ. ಇದ್ರಾಗೆ ಇಪ್ಪತ್ತು ಹಿಡಿದ್ರೆ ಹೆಚ್ಚು. ತುಂಬ್ದೋಳು ನಾನು, ತೆಗ್ದೋಳು ನಾನು, ನನ್ನ ಕೇಳು!”

ಯಾರೋ ಕಿಸಕ್ಕೆಂದರು. ನೆರೆಯವರು ಗೆದ್ದವರಂತೆ ಬಾಯಿ ತೆರೆದರು. ಅಷ್ಟರಲ್ಲಿ ದನಿ ಮತ್ತೆ ಬಂತು, ಈ ಸಲ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ:

“ಆದ್ರೂ ನೋಡು, ನಾನು ಈ ಮನೇಗೆ ಬಂದಾಗ್ನಿಂದ ಇದ್ರ ತಳ ಎಂಗೈತೆ ಅಂತ ಕಂಡಿರ್ಲಿಲ್ಲ. ಇವತ್ತೇ ಕಂಡಿದ್ದು.”

ನೆರೆಯವರ ಬಾಯಿ ಮುಚ್ಚಿಕೊಂಡಿತು. ಆ ಕಡೆಯವರೆಲ್ಲ ರಾಗಿ ಬೆಳೆದವರು, ಬರಗಾಲದಲ್ಲಿ ತಮ್ಮ ಹಗೇವುಗಳ ತಳ ಗೀಚಿದವರು. ಆ ಮಾತಿನ ತೂಕವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಳಗೆ ಸಂದಿನ ಬಳಿಯಿದ್ದ ಹುಡುಗಿ ಅಂಗೈಯನ್ನು ತಾನು ಮೆತ್ತಿದ ಮಣ್ಣಿನ ಮೇಲೆ ಒತ್ತಿಕೊಂಡು ನಿಂತಿದ್ದಳು.

“ತಗಳ್ಳಾ, ಎಳ್ಕೋ,” ಎಂದರು ಅಜ್ಜಿ ಒಳಗಿನಿಂದ.

ದೊಡ್ಡಪ್ಪ ಹಿಂದೆಮುಂದೆ ನೋಡಲಿಲ್ಲ. ಇಸ್ತ್ರಿಯ ಪಂಚೆಯಲ್ಲೇ ಕಲ್ಲಿನ ಮೇಲೆ ಮಂಡಿಯೂರಿ, ಎರಡೂ ಕೈಗಳನ್ನು ಬಾಯಿಯೊಳಕ್ಕೆ ಇಳಿಬಿಟ್ಟರು. ಬಗ್ಗಿ ಹೊರಬರಲು ಎರಡೂ ಕೈ ಬೇಕೆಂದು ಅಜ್ಜಿ ಊರುಗೋಲನ್ನು ಮೇಲಕ್ಕೆ ಚಾಚಿದ್ದರು. ದೊಡ್ಡಪ್ಪ ಅದನ್ನು ಮೆಲ್ಲಗೆ ಎಳೆದುಕೊಂಡು, ಒಂದು ಕಾಳೂ ಚೆಲ್ಲಬಾರದೆಂಬಂತೆ, ಪಕ್ಕದ ಮೆಟ್ಟಿಲ ಮೇಲೆ ಇಳಿಸಿಟ್ಟರು. ಆಮೇಲೆ ಇನ್ನೊಂದು ಮಂಕರಿ ಬರಲಿದೆಯೆಂಬಂತೆ ಮತ್ತೆ ಕೈ ಇಳಿಬಿಟ್ಟರು.